ನಿಲ್ಲಿಸಿದ ಮಾತ್ರೆಯನ್ನೇ ಮತ್ತೆ ಶುರು ಮಾಡಿದ್ದು: ಮಂಡ್ಯದ ಒಂದು ಕೋವಿಡ್ ಪ್ರಕರಣ

ಇದು 2021ರ ಮೇ ತಿಂಗಳ ಪ್ರಕರಣ. ರೋಗಿಗೆ ಆಗ 56 ವರ್ಷ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸ್ವಂತ ಆಲೆಮನೆ ನಡೆಸುವವರು. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಊರು, ತಾಲ್ಲೂಕು, ಆಸ್ಪತ್ರೆ ಯಾವುದನ್ನೂ ಹೇಳಿಲ್ಲ. ಮನೆಯವರ ಒಂದೆರಡು ವಿವರವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿರುವುದು.

ನಾನು ಮಂಡ್ಯದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ವೈದ್ಯ. ಈ ರೋಗಿಯನ್ನು ನಾನು ನೋಡಿದ್ದಕ್ಕಿಂತ ಫೋನಿನಲ್ಲಿ ಕೇಳಿದ್ದೇ ಜಾಸ್ತಿ. ಅದಕ್ಕೆ ಅವಕಾಶ ಮಾಡಿಕೊಟ್ಟ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದ್ದು 2020ರ ಮಾರ್ಚ್ 25ಕ್ಕೆ. ಅದಕ್ಕೂ ಮೊದಲು ಫೋನಿನಲ್ಲಿ ಔಷಧಿ ಹೇಳುವುದು ಸರಿಯೋ ತಪ್ಪೋ ಅಂತ ನಮ್ಮಲ್ಲೇ ಅನುಮಾನ ಇತ್ತು.

ಈ ಪ್ರಕರಣದಲ್ಲಿ ಒಂದೇ ಔಷಧಿಯನ್ನು ಜ್ವರದ 4ನೇ ದಿನ ನಿಲ್ಲಿಸಿದೆವು, 9ನೇ ದಿನ ಮತ್ತೆ ಶುರು ಮಾಡಲಾಯಿತು. ಎರಡೂ ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ. ಆದರೆ ಮನೆಯವರಿಗೆ ಅದನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಹಿನ್ನೆಲೆ

ಯಜಮಾನರಿಗೆ ಏಳೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಇತ್ತು, ಆದರೆ ನೆನಪಾದಾಗ ತಗೊಳ್ಳುವುದು. ಬೀಡಿ ಇತ್ತು. ಲಸಿಕೆ ಆಗಿರಲಿಲ್ಲ. 45 ದಾಟಿದ ಎಲ್ಲರಿಗೂ ಏಪ್ರಿಲ್ 1ರಿಂದಲೇ ಲಸಿಕೆ ಸಿಗುತ್ತಿತ್ತು. 'ಈ ಗದ್ದೆ ಕಬ್ಬು ಅರೆದು ಮುಗೀಲಿ, ಹೋಗಿ ಹಾಕಿಸ್ಕೊಂಡ್ರಾಯ್ತು' ಅಂದಿದ್ದರಂತೆ. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಮತ್ತೆ 76 ವರ್ಷದ ತಾಯಿ. ತಾಯಿ ಮಾರ್ಚ್‌ನಲ್ಲೇ ಕೋವಿಶೀಲ್ಡ್‌ನ ಒಂದು ಡೋಸ್ ಹಾಕಿಸಿಕೊಂಡಿದ್ದರು. ಮುಂದೆ ಆ ಅಜ್ಜಿಗೂ ಸೋಂಕು ತಗುಲಿತು, ಮೂರು ದಿನ ಜ್ವರ ಬಂದು ಹೋಯಿತು. ಒಂದು ಮನೆಯ ಕತೆಯಿಂದ ಲಸಿಕೆಯ ಬಗ್ಗೆ ಏನನ್ನೂ ಸಾಬೀತು ಮಾಡಕ್ಕಾಗಲ್ಲ. ಆದರೆ ಊರಿನವರು ಅಜ್ಜಿಯನ್ನು ನೋಡಿಯೇ ಆಮೇಲೆ ಸಾಲಿನಲ್ಲಿ ನಿಂತರು ಅನ್ನೋದೂ ನಿಜ.

ಈ ಪ್ರಕರಣದಲ್ಲಿ ಮುಖ್ಯ ಆಗುವವರು ಸೊಸೆ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಬೆಳಿಗ್ಗೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಸಂಜೆ ಎಷ್ಟು ಅಂತ ಗೀಟು ಹಾಕಿ ಬರೆಯುವುದು ಅವರ ಕೈಗೆ ಕೂತುಬಿಟ್ಟಿದೆ. ಮಾವನಿಗೆ ಜ್ವರ ಬಂದ ದಿನವೇ ಒಂದು ಹಳೇ ನೋಟ್‌ಬುಕ್ ತೆಗೆದು ತಾರೀಖು ಹಾಕಿದ್ದರು. ಯಾರೂ ಹೇಳಿರಲಿಲ್ಲ.

ಪೊಟ್ಟಣ

ಜ್ವರದ 2ನೇ ದಿನ ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದರು. ಐದು ದಿನಕ್ಕೆ ಮಾತ್ರೆಗಳ ಪೊಟ್ಟಣ ಸಿಕ್ಕಿತು. ಮರುದಿನವೇ ಜ್ವರ ಇಳಿಯಿತು, ಮೈಕೈ ನೋವು ಹೋಯಿತು, ಹೊಟ್ಟೆ ಹಸಿಯಿತು. ಎಲ್ಲರಿಗೂ ಸಮಾಧಾನ. ಆಮೇಲೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿದ್ದು ಸೊಸೆಯ ಹಟದಿಂದ. ರ್‍ಯಾಪಿಡ್ ಟೆಸ್ಟ್ ನೆಗೆಟಿವ್ ಬಂತು. ಲಕ್ಷಣ ಇದ್ದು ರ್‍ಯಾಪಿಡ್ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಅನ್ನೋದು ಆಗಿನ ನಿಯಮ. ಹಾಗಾಗಿ ಮತ್ತೊಂದು ಮಾದರಿ ತೆಗೆದು ಕಳಿಸಿದರು.

4ನೇ ದಿನ ಸಂಜೆ ಮಗ ನನಗೆ ಫೋನ್ ಮಾಡಿದ. ಜ್ವರದ ವಿಷಯಕ್ಕಲ್ಲ. 'ಅಪ್ಪ ರಾತ್ರಿಯೆಲ್ಲಾ ಎದ್ದೆದ್ದು ಮೂತ್ರಕ್ಕೆ ಹೋಗ್ತವ್ರೆ, ಬಾಯಾರಿಕೆ ಅಂತ ಚೊಂಬುಗಟ್ಟಲೆ ನೀರು ಕುಡೀತವ್ರೆ' ಅಂದ. ಆಶಾ ಕಾರ್ಯಕರ್ತೆ ಗ್ಲುಕೋಮೀಟರ್ ತಂದು ನೋಡಿದಾಗ ಸಕ್ಕರೆ 412.

ಪೊಟ್ಟಣದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಪ್ಯಾರಾಸಿಟಮಾಲ್, ಅಜಿತ್ರೊಮೈಸಿನ್, ಐವರ್‌ಮೆಕ್ಟಿನ್, ಜಿಂಕ್, ವಿಟಮಿನ್ ಸಿ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದ ಪಟ್ಟಿಯೇ. ಇವುಗಳ ನಡುವೆ ಕತ್ತರಿಸಿದ ಸ್ಟ್ರಿಪ್‌ನ ಒಂದು ತುಂಡು. ಅದರ ಬೆನ್ನ ಮೇಲೆ ಅರ್ಧ ಹೆಸರು ಮಾತ್ರ ಉಳಿದಿತ್ತು: 'ಡೆಕ್ಸಾ'. ಡೆಕ್ಸಾಮೆಥಾಸೋನ್, ದಿನಕ್ಕೆ ಎರಡು. ಸ್ಟೀರಾಯ್ಡ್.

ಜ್ವರ ಯಾಕೆ ಮಾಯವಾಯಿತು, ಸಕ್ಕರೆ ಯಾಕೆ ಏರಿತು ಅನ್ನೋದಕ್ಕೆ ಉತ್ತರ ಅದೊಂದು ತುಂಡಿನಲ್ಲೇ ಇತ್ತು. ಸ್ಟೀರಾಯ್ಡ್ ದೇಹದ ಉರಿಯೂತವನ್ನು ತಗ್ಗಿಸುತ್ತದೆ. ಜ್ವರ ಬರುವುದು ವೈರಸ್ ವಿರುದ್ಧ ದೇಹ ಹೋರಾಡುವಾಗ. ಆ ಹೋರಾಟವನ್ನೇ ತಗ್ಗಿಸಿದರೆ ಥರ್ಮಾಮೀಟರ್ ಚೆನ್ನಾಗಿ ಕಾಣುತ್ತದೆ, ವೈರಸ್ ಮಾತ್ರ ಅಲ್ಲೇ ಇರುತ್ತದೆ. ಆಗ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್‌ನಲ್ಲಿ ಅವರ ಅಂಕಿ 97, ಆಕ್ಸಿಜನ್ ಸಾಕಷ್ಟಿತ್ತು. ಅಂದರೆ ಸ್ಟೀರಾಯ್ಡ್ ಕೊಡಲು ಕಾರಣವೇ ಇರಲಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಏನಲ್ಲ. ಕೋವಿಡ್ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ 'ರಿಕವರಿ' ಪ್ರಯೋಗದ ಫಲಿತಾಂಶ 2020ರ ಜೂನ್ 16ರಂದೇ ಹೊರಬಿದ್ದಿತ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗಿನ ಸಾವು 41.4%ರಿಂದ 29.3%ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26.2%ರಿಂದ 23.3%ಕ್ಕೆ. ಆಕ್ಸಿಜನ್ ಬೇಕಿಲ್ಲದವರಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಔಷಧಿ ಇಲ್ಲದವರಲ್ಲಿ 14%, ಔಷಧಿ ತಗೊಂಡವರಲ್ಲಿ 17.8%. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಲಾಭ ಇದೆ ಅಂತ ಯಾರೂ ಹೇಳುವ ಹಾಗಿಲ್ಲ. ನಮ್ಮ ಆರೋಗ್ಯ ಸಚಿವಾಲಯವೂ ಅದೇ ಜೂನ್ 27ಕ್ಕೆ ಈ ಔಷಧಿಯನ್ನು ಮಾರ್ಗಸೂಚಿಗೆ ಸೇರಿಸಿತು, ಮಧ್ಯಮ ಮತ್ತು ತೀವ್ರ ರೋಗಿಗಳಿಗೆ ಅಂತ.

ಸುದ್ದಿಯ ಮೊದಲ ಅರ್ಧ ಹಳ್ಳಿಹಳ್ಳಿಗೂ ಮುಟ್ಟಿತು: 'ಕೊರೊನಾಕ್ಕೆ ಡೆಕ್ಸಾ ಕೆಲಸ ಮಾಡುತ್ತೆ, ಅದೂ ಕಾಸಿಗೆ ಸಿಗೋ ಮಾತ್ರೆ.' ಯಾರಿಗೆ, ಯಾವಾಗ ಅನ್ನೋ ಎರಡನೇ ಅರ್ಧ ದಾರಿಯಲ್ಲೇ ಉದುರಿಹೋಯಿತು.

ನಿಲ್ಲಿಸಿದ್ದು

ಮೂರು ದಿನದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಇಲ್ಲ. ನಿಲ್ಲಿಸಿ ಅಂದೆ. ಸಕ್ಕರೆಯ ಹಳೇ ಮಾತ್ರೆ ಹೊತ್ತಿಗೆ ಸರಿಯಾಗಿ ಶುರುವಾಯಿತು. ಆರೋಗ್ಯ ಕೇಂದ್ರದ ವೈದ್ಯರು ಮೂತ್ರದಲ್ಲಿ ಕೀಟೋನ್ (ಸಕ್ಕರೆ ಕಾಯಿಲೆ ಅಪಾಯಕ್ಕೆ ತಿರುಗಿದ್ದರ ಗುರುತು) ಇಲ್ಲ ಅಂತ ಖಚಿತ ಮಾಡಿಕೊಂಡು ಇನ್ಸುಲಿನ್ ಕೊಟ್ಟರು. ಎರಡು ದಿನದಲ್ಲಿ ಸಕ್ಕರೆ 240ರ ಆಸುಪಾಸಿಗೆ ಬಂತು.

ಆದರೆ ನಿಲ್ಲಿಸಿದ ಮರುದಿನವೇ ಜ್ವರ ವಾಪಸ್ ಬಂತು. 101. ಮನೆಯಲ್ಲಿ ಗಲಾಟೆ. 'ಆ ಡಾಕ್ಟ್ರು ಕೊಟ್ಟಿದ್ರಲ್ಲಿ ವಾಸಿ ಆಗಿತ್ತು, ಈ ಡಾಕ್ಟ್ರು ಬಿಡಿಸಿ ಕೆಡಿಸಿದ್ರು' ಅಂತ ಹೆಂಡತಿ. ಅವರು ಹೇಳಿದ್ದರಲ್ಲಿ ಅನುಭವದ ತಪ್ಪೇನೂ ಇಲ್ಲ. ಕಣ್ಣೆದುರಿಗೆ ಆಗಿದ್ದೇ ಹಾಗೆ. ಆ ರಾತ್ರಿ ಉಳಿದ ಮಾತ್ರೆ ನುಂಗಿಸಿಬಿಡುತ್ತಿದ್ದರೋ ಏನೋ. ತಡೆದಿದ್ದು ಸೊಸೆಯ ಪುಸ್ತಕ. ಒಂದು ಕಾಲಂನಲ್ಲಿ ಜ್ವರ, ಪಕ್ಕದಲ್ಲೇ ಸಕ್ಕರೆ. ಡೆಕ್ಸಾ ತಗೊಂಡ ದಿನ ಜ್ವರ ಕೆಳಗೆ, ಸಕ್ಕರೆ ಮೇಲೆ. ಬಿಟ್ಟ ದಿನ ಉಲ್ಟಾ. ಅತ್ತೆಗೆ ಅದನ್ನೇ ತೋರಿಸಿದರಂತೆ.

ಎರಡು ಲೆಕ್ಕ

7ನೇ ದಿನ ಆರ್‌ಟಿ-ಪಿಸಿಆರ್ ವರದಿ ಬಂತು, ಪಾಸಿಟಿವ್. ಆ ಮೇ ತಿಂಗಳಲ್ಲಿ ಲ್ಯಾಬ್‌ಗಳ ಮೇಲೆ ಎಂಥಾ ಹೊರೆ ಇತ್ತು ಅಂದರೆ ನಾಲ್ಕು ದಿನಕ್ಕೆ ವರದಿ ಬಂದಿದ್ದೇ ದೊಡ್ಡದು.

ಇಲ್ಲೇ ದೊಡ್ಡ ಅಪಾಯ ಕಾದಿತ್ತು. 'ಇವತ್ತು ಪಾಸಿಟಿವ್ ಬಂದಿದೆ, ಇವತ್ತಿಗೆ ಒಂದನೇ ದಿನ. ಒಂದು ವಾರ ಆದಮೇಲೆ ಹುಷಾರಾಗಿರ್ಬೇಕು ಅಂತ ಟೀವಿಲಿ ಹೇಳ್ತಾರೆ' ಅಂದ ಮಗ. ವರದಿ ಬಂದ ದಿನದಿಂದ ಎಣಿಸುವುದು ಅವನೊಬ್ಬನ ಕತೆಯಲ್ಲ. ಆ ಸಮಯದಲ್ಲಿ ಫೋನ್ ಮಾಡಿದವರಲ್ಲಿ ತುಂಬಾ ಜನ ಹಾಗೇ ಎಣಿಸುತ್ತಿದ್ದರು. ವರದಿ ಬಂದ ಮೇಲೇ ಮನೆಗೆ ಫೋನ್ ಬರುತ್ತಿತ್ತು, ಔಷಧಿ ಕಿಟ್ ಬರುತ್ತಿತ್ತು, ಬಾಗಿಲಿಗೆ ಚೀಟಿ ಬೀಳುತ್ತಿತ್ತು. ಹಾಗಾಗಿ ಕಾಯಿಲೆಯೂ ಅಲ್ಲಿಂದಲೇ ಶುರು ಅನ್ನಿಸುತ್ತಿತ್ತು.

ಕಾಯಿಲೆ ಎಣಿಸುವುದು ಮೊದಲ ಲಕ್ಷಣದಿಂದ. ಮೊದಲ ವಾರ ಹೆಚ್ಚಾಗಿ ವೈರಸ್‌ನ ಆಟ. ಎರಡನೇ ವಾರದ ಹೊತ್ತಿಗೆ ವೈರಸ್ ಕಡಿಮೆಯಾಗುತ್ತಾ ಬಂದು, ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಹದ್ದುಮೀರಿ ಶ್ವಾಸಕೋಶವನ್ನು ಸುಡುತ್ತದೆ. ಉಸಿರಾಟ ಕೈಕೊಡುವುದು ಸಾಮಾನ್ಯವಾಗಿ ಆಗಲೇ. ಪುಸ್ತಕದ ಮೊದಲ ಪುಟ ಓದಿ ಅಂದೆ. ಸೊಸೆ ತಾರೀಖು ಓದಿದರು. ಮಗನ ಲೆಕ್ಕದಲ್ಲಿ ಒಂದನೇ ದಿನ, ಪುಸ್ತಕದ ಲೆಕ್ಕದಲ್ಲಿ ಏಳನೇ ದಿನ. ಅವತ್ತಿನಿಂದ ದಿನಕ್ಕೆ ನಾಲ್ಕು ಸಲ ಆಕ್ಸಿಮೀಟರ್ ಹಾಕಿ, ನಡೆಸಿ ನೋಡಿ ಅಂತ ಹೇಳಿದೆ.

ಬೆರಳು

8ನೇ ದಿನ ಸಂಜೆ ವಿಡಿಯೋ ಕಾಲ್ ಮಾಡಿದರು. ಯಜಮಾನರು ಜಗಲಿಯ ಮೇಲೆ ಕೂತಿದ್ದರು. 'ನಂಗೇನಾಗದೆ, ಸುಮ್ನೆ ಇವ್ರೆಲ್ಲಾ ಹೆದರ್ಕೊಂಡವ್ರೆ' ಅಂದರು. ಮಾತಿನಲ್ಲಿ ಏದುಸಿರು ಇರಲಿಲ್ಲ. ಆಕ್ಸಿಮೀಟರ್ ಮಾತ್ರ ತಿಕ್ಕಲು ಹಿಡಿದಂತೆ ಆಡುತ್ತಿತ್ತು. 88 ತೋರಿಸಿತು, 93 ಆಯಿತು, 96ಕ್ಕೆ ಹೋಯಿತು, ಮತ್ತೆ ಗೀಟು ಗೀಟು. ಇಂಥ ಹೊತ್ತಿನಲ್ಲಿ ಮನೆಯವರು ಯಾವುದನ್ನು ನಂಬುತ್ತಾರೆ? 96ನ್ನೇ ಅಲ್ವಾ.

ಕೈ ಕ್ಯಾಮೆರಾದ ಹತ್ತಿರ ತನ್ನಿ ಅಂದೆ. ವರ್ಷಗಟ್ಟಲೆ ಸುಣ್ಣ, ಪಾಕ, ಬೆಂಕಿಯ ಹತ್ತಿರ ದುಡಿದ ಕೈ. ತೋರುಬೆರಳಿನ ತುದಿ ಒಡೆದು ಗಟ್ಟಿಯಾಗಿತ್ತು. ಉಗುರಿನ ಸಂದಿಯಲ್ಲೆಲ್ಲಾ ಕಪ್ಪು. ಆಕ್ಸಿಮೀಟರ್ ಕೆಂಪು ಮತ್ತು ಇನ್‌ಫ್ರಾರೆಡ್ ಅಂತ ಎರಡು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎಷ್ಟು ಹೀರಿಕೆಯಾಯಿತು ಅಂತ ಲೆಕ್ಕ ಹಾಕುವ ಸಾಧನ. ಬೆರಳು ತಣ್ಣಗಿದ್ದರೆ, ಅಲುಗಾಡಿದರೆ, ಉಗುರಿಗೆ ಬಣ್ಣವೋ ಮೆಹಂದಿಯೋ ಇದ್ದರೆ ತಪ್ಪು ಹೇಳುತ್ತದೆ. ಕಪ್ಪು ಚರ್ಮದವರಲ್ಲಿ ಇದ್ದುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಬೇರೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬಂದ ಒಂದು ವರದಿಯ ಪ್ರಕಾರ, ಮರೆಯಲ್ಲೇ ಉಳಿದ ಆಕ್ಸಿಜನ್ ಕೊರತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು. ಹೊಲದಲ್ಲಿ ಬಿಸಿಲುಂಡ ನಮ್ಮ ಜನರಿಗೆ ಇದು ಎಷ್ಟು ಅನ್ವಯಿಸುತ್ತೆ ಅಂತ ಯೋಚಿಸಬೇಕಾದ ವಿಷಯವೇ.

ಬಿಸಿನೀರಿನಲ್ಲಿ ಕೈ ತೊಳೆಸಿ, ಒರೆಸಿ, ನಡುಬೆರಳಿಗೆ ಹಾಕಿಸಿದೆ. ಕೈ ತೊಡೆಯ ಮೇಲೆ ಇರಲಿ, ಒಂದು ನಿಮಿಷ ಯಾರೂ ಮಾತಾಡಬೇಡಿ ಅಂದೆ. 95ಕ್ಕೆ ನಿಂತಿತು. ಆಮೇಲೆ ಹಜಾರದಲ್ಲಿ ಆರು ನಿಮಿಷ ನಡೆಸಲು ಹೇಳಿದೆ. ನಾಲ್ಕನೇ ನಿಮಿಷಕ್ಕೇ ನಿಲ್ಲಿಸಬೇಕಾಯಿತು. 90.

ಕೂತಾಗ 95, ನಡೆದರೆ 90, ಆದರೂ ಮನುಷ್ಯನಿಗೆ ಉಬ್ಬಸವೇ ಇಲ್ಲ. ಇಂಗಾಲದ ಡೈಆಕ್ಸೈಡ್ ಸುಲಭವಾಗಿ ಹೊರಗೆ ಹೋಗುತ್ತಿದ್ದರೆ ಉಸಿರು ಕಟ್ಟಿದ ಅನುಭವ ಆಗದೆಯೂ ರಕ್ತದಲ್ಲಿ ಆಕ್ಸಿಜನ್ ಇಳಿಯಬಹುದು. ಕೋವಿಡ್‌ನಲ್ಲಿ ನಾವು ಇದನ್ನು ಮತ್ತೆ ಮತ್ತೆ ನೋಡಿದೆವು. 'ಚೆನ್ನಾಗೇ ಮಾತಾಡ್ತಿದ್ರು, ಇದ್ದಕ್ಕಿದ್ದಂಗೆ ಹೋಗ್ಬಿಟ್ರು' ಅನ್ನುವ ಕತೆಗಳಲ್ಲಿ ಬಹಳಷ್ಟು ಇದ್ದಕ್ಕಿದ್ದಂತೆ ಆದದ್ದಲ್ಲ.

ಆಸ್ಪತ್ರೆಗೆ ಹೊರಡಿ ಅಂದೆ. ಅವರಿಗೆ ಮನಸ್ಸಿಲ್ಲ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2ರ ರಾತ್ರಿ ಆಕ್ಸಿಜನ್ ಸಾಲದೆ ರೋಗಿಗಳು ಸತ್ತಿದ್ದು ಎಲ್ಲರ ಮನಸ್ಸಿನಲ್ಲೂ ಹಸಿಯಾಗಿತ್ತು. 'ಆಸ್ಪತ್ರೆಲಿ ಗಾಳಿ ಇಲ್ದೆ ಸಾಯೋದಕ್ಕಿಂತ ಮನೇಲೇ ಇರ್ತೀನಿ' ಅಂದರು. ಸುಳ್ಳು ಧೈರ್ಯ ಹೇಳಲು ನನಗೂ ಆಗಲಿಲ್ಲ. ಅಲ್ಲಿ ಆಕ್ಸಿಜನ್ ಇದೆಯಾ ಅಂತ ಫೋನ್ ಮಾಡಿ ಕೇಳಿ, ಇದೆ ಅಂತ ಆದಮೇಲೆ ಹೊರಡಿಸಿದೆವು. ಹಾಸಿಗೆ ಹುಡುಕಿದ ಕತೆ ಇಲ್ಲಿ ಬೇಡ, ಆ ದಿನಗಳನ್ನು ಕಂಡವರಿಗೆ ಗೊತ್ತು.

ಮತ್ತೆ ಅದೇ ಡೆಕ್ಸಾ

9ನೇ ದಿನ ಬೆಳಿಗ್ಗೆ ವಾರ್ಡ್‌ನಲ್ಲಿ ಆಕ್ಸಿಜನ್ ಹಾಕುವ ಮುಂಚೆ ಅವರ ಅಂಕಿ 89. ಮಾಸ್ಕ್‌ನಲ್ಲಿ ಆಕ್ಸಿಜನ್, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್, ಊಟಕ್ಕೆ ಮುಂಚೆ ಇನ್ಸುಲಿನ್, ಬೋರಲು ಮಲಗಿಸುವುದು. ಮತ್ತೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ.

ಚೀಟಿ ನೋಡಿದ ಮಗ ಸಿಡಿದೆದ್ದ. 'ಬಿಡ್ಸಿದ್ದು ನೀವೇ, ಈಗ ಇಲ್ಲಿ ಅದನ್ನೇ ಚುಚ್ತವ್ರೆ. ಐದು ದಿನ ಸುಮ್ನೆ ಹಾಳು ಮಾಡುದ್ರಲ್ಲಾ.' ನಾನು ಶ್ವಾಸಕೋಶ, ಉರಿಯೂತ ಅಂತ ಏನೇನೋ ಹೇಳಿದೆ. ಅವನಿಗೆ ತಲೆಗೆ ಹೋಗಲಿಲ್ಲ. ಕೊನೆಗೆ ಆಲೆಮನೆಯ ಉದಾಹರಣೆಯನ್ನೇ ಹಿಡಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮಡ್ಡಿ ತೆಗೆಯಲು ಸುಣ್ಣ ಯಾವಾಗ ಹಾಕುತ್ತೀರಿ, ಪಾಕ ಬಂದಮೇಲೆ ಹಾಕಿದರೆ ಏನಾಗುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬೆಲ್ಲ ಕೆಟ್ಟೋಗುತ್ತೆ' ಅಂದ. ಒಪ್ಪಿದನೋ ಇಲ್ಲವೋ, ಜಗಳ ಅಲ್ಲಿಗೆ ನಿಂತಿತು.

ಇದೇ ಹೊತ್ತಿಗೆ ಮೈಸೂರಿನಲ್ಲಿದ್ದ ಅಳಿಯ ರೆಮ್ಡೆಸಿವಿರ್ ಅನ್ನೋ ವೈರಸ್ ವಿರುದ್ಧದ ಇಂಜೆಕ್ಷನ್ ಹುಡುಕಲು ಓಡಾಡುತ್ತಿದ್ದರು. ಬ್ಲ್ಯಾಕ್‌ನಲ್ಲಿ ಸಿಗುತ್ತೆ ಅಂತ ಯಾರೋ ಹೇಳಿದ್ದರಂತೆ, ಒಂದು ಹಸು ಮಾರುವ ಮಾತೂ ನಡೆದಿತ್ತು. ನಾನು ಮತ್ತು ವಾರ್ಡ್ ವೈದ್ಯರು ಇಬ್ಬರೂ ಬೇಡ ಅಂದೆವು. ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಈ ಔಷಧಿಯಿಂದ ಸಾವು ಕಡಿಮೆಯಾದದ್ದು ಕಂಡಿರಲಿಲ್ಲ. 2020ರ ನವೆಂಬರ್‌ನಲ್ಲಿ ಆಸ್ಪತ್ರೆಯ ರೋಗಿಗಳಿಗೆ ಇದು ಬೇಡ ಅಂತ ಸಂಸ್ಥೆ ಸಲಹೆ ಕೊಟ್ಟಿತ್ತು. ಇನ್ನೊಬ್ಬರು ಪ್ಲಾಸ್ಮಾ, ಅಂದರೆ ಕೋವಿಡ್‌ನಿಂದ ಚೇತರಿಸಿಕೊಂಡವರ ರಕ್ತದ ದ್ರವ, ಕೊಡಿಸೋಣ ಅಂದರು. ಅದರ ಬಗ್ಗೆ ನಮ್ಮ ದೇಶದಲ್ಲೇ, 39 ಆಸ್ಪತ್ರೆಗಳಲ್ಲಿ, 464 ರೋಗಿಗಳ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಯೋಗ ಮಾಡಿ ಪ್ರಯೋಜನ ಇಲ್ಲ ಅಂತ 2020ರಲ್ಲೇ ಕಂಡುಕೊಂಡಿತ್ತು. ಆದರೂ ಅದು ರಾಷ್ಟ್ರೀಯ ಮಾರ್ಗಸೂಚಿಯಿಂದ ಹೊರಬಿದ್ದಿದ್ದು 2021ರ ಮೇ 17ಕ್ಕೆ. ನಮ್ಮದೇ ಒಳ್ಳೆಯ ಪ್ರಯೋಗದ ಮಾತು ನಾವೇ ಕೇಳಲು ಏಳು ತಿಂಗಳು ಬೇಕಾಯಿತಲ್ಲ ಅಂತ ಈಗಲೂ ಬೇಸರ ಆಗುತ್ತೆ.

ರೆಮ್ಡೆಸಿವಿರ್ ಕತೆ ಅಲ್ಲಿಗೆ ಮುಗಿಯಲಿಲ್ಲ ಅನ್ನೋದನ್ನೂ ಹೇಳಬೇಕು. 2021ರ ಡಿಸೆಂಬರ್‌ನಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಅಪಾಯ ಹೆಚ್ಚಿರುವ, ಆದರೆ ಇನ್ನೂ ಆಸ್ಪತ್ರೆ ಸೇರದ ರೋಗಿಗಳಿಗೆ ಲಕ್ಷಣ ಶುರುವಾಗಿ ಏಳು ದಿನದೊಳಗೆ ಮೂರು ದಿನ ಇದನ್ನು ಕೊಟ್ಟರೆ ಆಸ್ಪತ್ರೆ ಸೇರುವ ಅಪಾಯ 87% ಕಡಿಮೆ. 2022ರಲ್ಲಿ ಬಂದ ಸಾಲಿಡಾರಿಟಿಯ ಅಂತಿಮ ಲೆಕ್ಕದಲ್ಲೂ ವೆಂಟಿಲೇಟರ್ ಇಲ್ಲದೆ ಆಕ್ಸಿಜನ್ ಮೇಲಿದ್ದವರಿಗೆ ಚೂರು ಲಾಭ ಕಂಡಿತು, ಸಾವು 16.3% ಇದ್ದಲ್ಲಿ 14.6%. ಇದು ವೈರಸ್ ಬೆಳೆಯುವುದನ್ನು ತಡೆಯುವ ಔಷಧಿ. ವೈರಸ್ ಜಾಸ್ತಿ ಇರುವ ಮೊದಲ ವಾರದಲ್ಲಿ ಅದಕ್ಕೆ ಬೆಲೆ. ಸ್ಟೀರಾಯ್ಡ್ ಅದಕ್ಕೆ ಪೂರಾ ವಿರುದ್ಧ, ಬೆಲೆ ಬರುವುದು ಎರಡನೇ ವಾರದಲ್ಲಿ, ಆಕ್ಸಿಜನ್ ಬೇಕಾದಾಗ. ಎರಡನೇ ಅಲೆಯಲ್ಲಿ ನಾವು ಮಾಡಿದ್ದೇನು? ಎರಡನೇ ದಿನ ಸ್ಟೀರಾಯ್ಡ್ ನುಂಗಿಸಿ, ಹತ್ತನೇ ದಿನ ರೆಮ್ಡೆಸಿವಿರ್‌ಗೆ ಸಾಲು ನಿಂತೆವು.

ಆಮೇಲೆ

11ನೇ ದಿನ ಆಕ್ಸಿಜನ್ 10 ಲೀಟರ್‌ಗೆ ಏರಿತು. ವಾರ್ಡ್ ವೈದ್ಯರು ಐಸಿಯು ಹಾಸಿಗೆ ವಿಚಾರಿಸಿ ಇಟ್ಟುಕೊಂಡಿದ್ದರು. 13ರಿಂದ ಇಳಿಯಲು ಶುರು. 16ಕ್ಕೆ ಮಾಸ್ಕ್ ತೆಗೆದರು, 18ಕ್ಕೆ ಮನೆಗೆ ಕಳಿಸಿದರು. ಬೋರಲು ಮಲಗುವುದಕ್ಕೆ ಮೊದಮೊದಲು ಬೈಯುತ್ತಿದ್ದವರು, ಮಲಗಿದಾಗ ಅಂಕಿ ಏರುವುದನ್ನು ಕಂಡ ಮೇಲೆ ತಾವೇ ಮಗುಚಿಕೊಳ್ಳುತ್ತಿದ್ದರಂತೆ.

ಮನೆಗೆ ಬಂದ ದಿನ ಡೆಕ್ಸಾ ಕೊಟ್ಟು ಸರಿಯಾಗಿ 10 ದಿನ ಆಗಿತ್ತು, ನಿಲ್ಲಿಸಿದ್ದರು. ಈಗ ಯಜಮಾನರದ್ದೇ ಹೊಸ ವಾದ. 'ಬದುಕ್ಸಿದ ಮಾತ್ರೆ ಅಲ್ವಾ, ಇನ್ನೊಂದು ವಾರ ಇರ್ಲಿ.' ಮೊದಲು ಬೇಡ, ಆಮೇಲೆ ಬೇಕು, ಈಗ ಮತ್ತೆ ಬೇಡ. ನನ್ನ ಮಾತಿಗೆ ಅವರ ಮನೆಯಲ್ಲಿ ಎಷ್ಟು ಬೆಲೆ ಉಳಿದಿತ್ತೋ ಗೊತ್ತಿಲ್ಲ. ಈ ಸಲ ಮಗನೇ ತಂದೆಗೆ ಬುದ್ಧಿ ಹೇಳಿದ.

ವಾರ ಕಳೆದ ಮೇಲೆ ಮೂಗಿನ ಒಂದು ಹೊಳ್ಳೆ ಕಟ್ಟಿ, ಅದೇ ಕಡೆ ಕೆನ್ನೆ ನೋವು ಶುರುವಾಯಿತು. ಆಗ ಎಲ್ಲೆಲ್ಲೂ ಕಪ್ಪು ಶಿಲೀಂಧ್ರದ ಸುದ್ದಿ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಎರಡೂ ಸೇರಿದ ಕಡೆ ಮ್ಯೂಕರ್‌ಮೈಕೋಸಿಸ್ ಅನ್ನೋ ಈ ಶಿಲೀಂಧ್ರದ ಸೋಂಕು ಬೆಳೆಯುತ್ತದೆ. ಇದು ತಗುಲಿದ ಭಾರತದ 2,826 ರೋಗಿಗಳ ಒಂದು ಅಧ್ಯಯನದಲ್ಲಿ 87% ಜನ ಸ್ಟೀರಾಯ್ಡ್ ತಗೊಂಡಿದ್ದರು, 78% ಜನಕ್ಕೆ ಮಧುಮೇಹ ಇತ್ತು. ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಮೈಸೂರಿಗೆ ಹೋಗಿ ಇಎನ್‌ಟಿ ವೈದ್ಯರಿಗೆ ತೋರಿಸಿ ಅಂದೆ. ಮೂಗಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು, ಮಾದರಿ ತೆಗೆದು ಪರೀಕ್ಷೆ ಮಾಡಿದರು. ಶಿಲೀಂಧ್ರ ಇರಲಿಲ್ಲ, ಬರೀ ಸೈನಸ್ ತೊಂದರೆ.

ಆಸ್ಪತ್ರೆಯಲ್ಲಿ ಮಾಡಿದ ಎಚ್‌ಬಿಎ1ಸಿ 9.1 ಇತ್ತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಇದು. ಅಂದರೆ 412 ಅನ್ನೋದಕ್ಕೆ ಪೂರ್ತಿ ಡೆಕ್ಸಾವನ್ನೇ ದೂರುವ ಹಾಗಿಲ್ಲ. ಕಾಯಿಲೆ ಮೊದಲೇ ಹತೋಟಿ ತಪ್ಪಿತ್ತು, ಸ್ಟೀರಾಯ್ಡ್ ಅದಕ್ಕೆ ತುಪ್ಪ ಸುರಿಯಿತು. ನಾಲ್ಕನೇ ದಿನ ನಿಲ್ಲಿಸದೆ ಹಾಗೇ ಮುಂದುವರಿಸಿದ್ದರೆ ಏನಾಗುತ್ತಿತ್ತು? ಒಬ್ಬ ರೋಗಿಯನ್ನು ಇಟ್ಟುಕೊಂಡು ಅದನ್ನು ಹೇಳಕ್ಕಾಗಲ್ಲ, ಪ್ರಯೋಗಗಳು ಬೇಕಾಗುವುದು ಇದಕ್ಕೇ. ಲಸಿಕೆಯನ್ನು ಚೇತರಿಸಿಕೊಂಡ ಮೂರು ತಿಂಗಳ ಮೇಲೆ ಹಾಕಿಸಿಕೊಂಡರು. ನಿಯಮ ಆಗ ಹಾಗಿತ್ತು.

ಈಗ ನನ್ನ ಕ್ಲಿನಿಕ್‌ನಲ್ಲಿ ಯಾವುದೇ ಜ್ವರದ ಚೀಟಿಯಾದರೂ ಮೇಲ್ಗಡೆ ಮೊದಲ ಲಕ್ಷಣದ ತಾರೀಖು ಬರೆಯುತ್ತೇನೆ. ಡೆಂಗಿಯಲ್ಲೂ ಅದು ಉಪಯೋಗಕ್ಕೆ ಬರುತ್ತಿದೆ. ಅಲ್ಲೂ ಜ್ವರ ಬಿಟ್ಟ ಹೊತ್ತಿಗೇ ಅಪಾಯ ಶುರುವಾಗುವುದು ತಾನೇ.

ಪೊಟ್ಟಣ ಕೊಟ್ಟ ಡಾಕ್ಟರ ಜೊತೆ ಆಮೇಲೆ ಮಾತಾಡಿದೆ. ಅವರೇನೂ ಮುಚ್ಚಿಡಲಿಲ್ಲ. 'ಬರೀ ಪ್ಯಾರಾಸಿಟಮಾಲ್ ಕೊಟ್ರೆ ನಾಳೆ ಇನ್ನೊಬ್ರ ಹತ್ರ ಹೋಗ್ತಾರೆ. ದಿನಕ್ಕೆ ನೂರು ಜನ ಬಾಗಿಲಲ್ಲಿ ನಿಂತಿದ್ರು, ನಾನೇನು ಮಾಡ್ಲಿ' ಅಂದರು. ಜಗಳ ಆಡಲು ಮನಸ್ಸಾಗಲಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆ: ಲಕ್ಷಣ ಶುರುವಾಗಿ ಎಷ್ಟನೇ ದಿನ, ಆಕ್ಸಿಜನ್ ಎಷ್ಟು, ಸಕ್ಕರೆ ಎಷ್ಟು. ಮೂರೂ ಕೇಳಿದ ಮೇಲೆ ಡೆಕ್ಸಾ ಡಬ್ಬಿ ಮುಟ್ಟಿ ಅಂತ. ಅದನ್ನು ಔಷಧಿ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡರು. ಪೂರ್ತಿ ಬಿಟ್ಟಿದ್ದಾರಾ ಅಂದರೆ ಇಲ್ಲ. ಆದರೆ ಈಗ ಅವರ ಮೇಜಿನ ಮೇಲೆ ಒಂದು ಗ್ಲುಕೋಮೀಟರ್ ಇದೆ, ಅನುಮಾನ ಬಂದಾಗ ಫೋನೂ ಮಾಡುತ್ತಾರೆ.